ಸರ್ಕಾರಿ ನಿಗಮದ ಪರವಾಗಿ ನೌಕರರ ಕೇಸು ನಡೆಸುವ ವಕೀಲರ ಕೆಲಸ ಹೇಗಿರುತ್ತದೆ?

ನೀವು ಬಳ್ಳಾರಿಯಲ್ಲಿ ಎಲ್‌ಎಲ್‌ಬಿ ಕೊನೇ ವರ್ಷದಲ್ಲಿದ್ದೀರಿ. ಕಾರ್ಮಿಕ ಕಾನೂನು ಇಷ್ಟ. ಸರ್ಕಾರಿ ಸಂಸ್ಥೆಯ ಪ್ಯಾನೆಲ್ ವಕೀಲರಾದರೆ, ಅಂದರೆ ಸಂಸ್ಥೆ ತನ್ನ ಕೇಸುಗಳಿಗೆ ಆರಿಸಿಟ್ಟುಕೊಂಡ ವಕೀಲರ ಪಟ್ಟಿಗೆ ಸೇರಿದರೆ, ಕೆಲಸ ಹೇಗೆ, ದಿನಾ ಬಡ ನೌಕರನ ವಿರುದ್ಧವೇ ನಿಲ್ಲಬೇಕಾ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವಾ ಎಂದು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ರಾಜ್ಯ ಸರ್ಕಾರದ ಒಂದು ನಿಗಮಕ್ಕೆ ಈ ಕೆಲಸ ಮಾಡುತ್ತೇನೆ. ಯಾವ ನಿಗಮ ಎಂದು ಹೇಳುವುದಿಲ್ಲ, ಕಕ್ಷಿದಾರರ ವಿಷಯ ಅಲ್ವಾ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವು ವಕಾಲತ್ತು ಹಾಕುವ ಹೊತ್ತಿಗೆ ಅರ್ಧ ಕೇಸು ಕಚೇರಿಯಲ್ಲೇ ಗೆದ್ದೋ ಸೋತೋ ಆಗಿರುತ್ತದೆ. ಉಳಿದ ಅರ್ಧದಲ್ಲಿ ಜಾಸ್ತಿ ಕಷ್ಟದ್ದು ಎದುರು ವಕೀಲರ ಜೊತೆ ವಾದ ಮಾಡುವುದಲ್ಲ. ನಮ್ಮ ಸಾಹೇಬರಿಗೇ "ಇದನ್ನು ಇಲ್ಲಿಗೆ ಬಿಡೋಣ ಸಾರ್" ಎಂದು ಒಪ್ಪಿಸುವುದು.

ಯಾರ ಕೇಸು ಎಲ್ಲಿಗೆ ಹೋಗುತ್ತದೆ ಎನ್ನುವುದು ತಿಳಿದಿರಲಿ, ಹೊಸಬರು ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ತಾಲ್ಲೂಕು ಕಚೇರಿಯ ಗುಮಾಸ್ತ, ಸರ್ಕಾರಿ ಶಾಲೆಯ ಮೇಷ್ಟ್ರು ಇವರೆಲ್ಲ ಸರ್ಕಾರಿ ನೌಕರರು. ಅವರಿಗೆ ಶಿಸ್ತುಕ್ರಮದ 1957ರ ಸಿಸಿಎ ನಿಯಮಗಳು, ತಕರಾರಿದ್ದರೆ ರಾಜ್ಯ ಆಡಳಿತ ನ್ಯಾಯಮಂಡಳಿ. ನಿಗಮ, ಮಂಡಳಿ, ಸರ್ಕಾರಿ ಕಂಪನಿಗಳ ನೌಕರರ ದಾರಿ ಸಾಮಾನ್ಯವಾಗಿ ಬೇರೆ. ಲೈನ್‌ಮನ್, ಡ್ರೈವರ್, ಪಂಪ್ ಆಪರೇಟರ್ ಥರದವರು ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿ ಹತ್ತಿರ ಹೋಗಿ, ಅಲ್ಲಿಂದ ಕಾರ್ಮಿಕ ನ್ಯಾಯಾಲಯಕ್ಕೆ ಬರುತ್ತಾರೆ. ಎಂಜಿನಿಯರ್, ಮ್ಯಾನೇಜರ್ ದರ್ಜೆಯವರು ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾರೆ. ಬಳ್ಳಾರಿ, ಕೊಪ್ಪಳದ ರಿಟ್ ಧಾರವಾಡ ಪೀಠಕ್ಕೆ, ರಾಯಚೂರಿನದು ಕಲಬುರಗಿ ಪೀಠಕ್ಕೆ. 2008ರಲ್ಲಿ ಈ ಪೀಠಗಳು ಶುರುವಾಗುವ ಮುಂಚೆ ಎಲ್ಲದಕ್ಕೂ ಬೆಂಗಳೂರೇ ಗತಿಯಾಗಿತ್ತು.

ಕೆಲಸಕ್ಕೇನೂ ಬರವಿಲ್ಲ. ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಆರ್‌ಟಿಪಿಎಸ್, ನಮ್ಮ ಕುಡತಿನಿಯ ಬಿಟಿಪಿಎಸ್ ವಿದ್ಯುತ್ ಸ್ಥಾವರಗಳು, ಕರೆಂಟ್ ಕೊಡುವ ಜೆಸ್ಕಾಂ, ಬಸ್ ಓಡಿಸುವ ಕೆಕೆಆರ್‌ಟಿಸಿ, ಹೀಗೆ ರಾಜ್ಯ ಸರ್ಕಾರದ ಕೈಕೆಳಗಿನ ಸಂಸ್ಥೆಗಳು ಈ ಮೂರು ಜಿಲ್ಲೆಗಳಲ್ಲಿ ಸಾಕಷ್ಟಿವೆ. ಸಾವಿರಾರು ಜನ ಕೆಲಸ ಮಾಡುವ ಕಡೆ ಅಮಾನತು, ವಜಾ, ಬಡ್ತಿ, ಗ್ರಾಚ್ಯುಟಿ ಜಗಳ ಇದ್ದದ್ದೇ.

ವಜಾ ಕೇಸಿನ ಕಡತ ಬಂದರೆ ನಾನು ಮೊದಲು ಹುಡುಕುವುದು ದೋಷಾರೋಪಣಾ ಪಟ್ಟಿ. "ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿರುತ್ತೀರಿ" ಎಂದು ಒಂದೇ ಸಾಲಿದ್ದರೆ ಎದೆ ಧಸಕ್ ಎನ್ನುತ್ತದೆ. ಯಾವ ದಿನ, ಎಲ್ಲಿ, ಏನು ಮಾಡಿದ, ಯಾವ ನಿಯಮ ಮುರಿದ, ಯಾವುದೂ ಇರುವುದಿಲ್ಲ. ಆಮೇಲೆ ವಿಚಾರಣೆಯ ನಡಾವಳಿ. ಸಾಕ್ಷಿಗಳಿಗೆ ಪಾಟೀ ಸವಾಲು ಹಾಕಲು ನೌಕರನಿಗೆ ಅವಕಾಶ ಕೊಟ್ಟಿದ್ದಾರಾ? ವಿಚಾರಣಾ ವರದಿಯ ಪ್ರತಿ ಅವನ ಕೈಗೆ ಹೋಗಿದೆಯಾ? ತಪ್ಪೊಪ್ಪಿಗೆ ಎಂದು ಬರೆಸಿಕೊಂಡ ಹಾಳೆಯಲ್ಲಿ ಅಕ್ಷರ ಯಾರದು, ಸಹಿ ಯಾರದು? ದೂರು ಕೊಟ್ಟವರೇ ವಿಚಾರಣಾಧಿಕಾರಿಯಾಗಿ ಕೂತಿರುವ ಕಡತಗಳೂ ಬರುತ್ತವೆ. ಅಂಥದ್ದನ್ನು ಹಿಡಿದುಕೊಂಡು ಎಷ್ಟು ತೀರ್ಪು ಓದಿದರೂ ಅಷ್ಟೇ.

ಕಾರ್ಮಿಕ ನ್ಯಾಯಾಲಯ ಮೊದಲು ನೋಡುವುದೂ ಇದನ್ನೇ, ಇಲಾಖಾ ವಿಚಾರಣೆ ನ್ಯಾಯವಾಗಿ ನಡೆಯಿತಾ ಎಂದು. ಇಲ್ಲ ಎಂದಾದರೆ ಆಡಳಿತ ವರ್ಗ ಕೋರ್ಟಿನಲ್ಲೇ ಹೊಸದಾಗಿ ಸಾಕ್ಷಿ ಹಾಕಿ ಆರೋಪ ಸಾಬೀತು ಮಾಡಬಹುದು. ಆದರೆ ಆ ಅವಕಾಶ ಬೇಕು ಎಂದು ತಕರಾರು ಹೇಳಿಕೆ, ಅಂದರೆ ನಮ್ಮ ಲಿಖಿತ ಉತ್ತರ, ಸಲ್ಲಿಸುವಾಗಲೇ ಕೇಳಿರಬೇಕು. ಇದು 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು, ಅದೂ ಕೆಎಸ್‌ಆರ್‌ಟಿಸಿಯ ಕೇಸಿನಲ್ಲೇ. ಹಾಗಾಗಿ ನಾನು ಸಲ್ಲಿಸುವ ಪ್ರತಿ ಹೇಳಿಕೆಯ ಕೊನೆಯಲ್ಲಿ ಆ ಒಂದು ಪ್ಯಾರಾ ಇರಲೇಬೇಕು.

ಕಡತ ಗಟ್ಟಿ ಇದ್ದರೆ ಕಾನೂನು ಸಂಸ್ಥೆಗೆ ಸಾಕಷ್ಟು ಅನುಕೂಲವಾಗಿಯೇ ಇದೆ. ಟಿಕೆಟ್ ಕೊಡದೆ ದುಡ್ಡು ಇಟ್ಟುಕೊಂಡ ಕಂಡಕ್ಟರ್ ಕೇಸುಗಳನ್ನೇ ನೋಡಿ. ಪ್ರಯಾಣಿಕರನ್ನು ಸಾಕ್ಷಿಗೆ ಕರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಚಾರಣೆ ಬಿದ್ದುಹೋಗುವುದಿಲ್ಲ ಎಂದು 1977ರಲ್ಲೇ ಹರಿಯಾಣದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಶಿಕ್ಷೆ ಜಾಸ್ತಿಯಾಯಿತು ಎನ್ನಿಸಿದರೆ ಅದನ್ನು ಕಡಿಮೆ ಮಾಡುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ಕೈಗಾರಿಕಾ ವಿವಾದ ಕಾಯ್ದೆಯ 11ಎ ಕಲಂ ಕೊಟ್ಟಿತ್ತು. ಎರಡು ವಾರ ಹೇಳದೆ ಕೇಳದೆ ಗೈರಾದವನನ್ನು ಮನೆಗೆ ಕಳಿಸಿದರೆ ಅಲ್ಲಿ ನಿಲ್ಲುವುದು ಕಷ್ಟ.

ಇನ್ನೊಂದು ಗುಂಡಿ ಅದೇ ಕಾಯ್ದೆಯ 33(2)(ಬಿ) ಕಲಂ. ಕಾರ್ಮಿಕ ಸಂಘದ ಬೇಡಿಕೆಯ ವಿವಾದ ಕೈಗಾರಿಕಾ ಟ್ರಿಬ್ಯುನಲ್‌ನಲ್ಲಿ ಬಾಕಿ ಇರುವಾಗ, ಅದಕ್ಕೆ ಸಂಬಂಧಪಟ್ಟ ನೌಕರನನ್ನು ಬೇರೆ ತಪ್ಪಿಗಾಗಿ ವಜಾ ಮಾಡಿದರೂ ಒಂದು ತಿಂಗಳ ವೇತನ ಕೊಟ್ಟು, ಅದೇ ಟ್ರಿಬ್ಯುನಲ್ಲಿನ ಅನುಮೋದನೆಗೆ ಅರ್ಜಿ ಹಾಕಬೇಕು. ಹಾಕದಿದ್ದರೆ ವಜಾ ಆಗಿಯೇ ಇಲ್ಲ ಎಂದು ಲೆಕ್ಕ. 2002ರಲ್ಲಿ ಇದನ್ನೂ ಸಂವಿಧಾನ ಪೀಠವೇ ಹೇಳಿತು. ಆಡಳಿತ ಶಾಖೆಯವರಿಗೆ ಬಾಕಿ ವಿವಾದದ ಸುದ್ದಿಯೇ ಗೊತ್ತಿರುವುದಿಲ್ಲ. ಆರೋಪ ಸಾಬೀತಾಗಿ, ವಿಚಾರಣೆ ಚೊಕ್ಕಟವಾಗಿ ನಡೆದು, ಈ ಒಂದು ಅರ್ಜಿಗಾಗಿ ಇಡೀ ಕೇಸು ಹೋದರೆ ಹೊಟ್ಟೆ ಉರಿಯುತ್ತದೆ.

ಇನ್ನು ದಿನಗೂಲಿಯವರು. ಬಡ ನೌಕರನ ವಿರುದ್ಧ ನಿಲ್ಲಬೇಕಾ ಎಂದು ಕೇಳಿದ್ದೀರಲ್ಲ, ಆ ಪ್ರಶ್ನೆ ನಿಜವಾಗಿ ಏಳುವುದು ಇಲ್ಲಿ. ಹತ್ತು ಹದಿನೈದು ವರ್ಷ ಅದೇ ಪಂಪ್‌ಹೌಸಿನಲ್ಲಿ, ಅದೇ ಕಚೇರಿಯಲ್ಲಿ ದುಡಿದಿರುತ್ತಾರೆ. ಒಂದು ದಿನ "ನಾಳೆಯಿಂದ ಬರಬೇಡ" ಎನ್ನುತ್ತಾರೆ. ವರ್ಷಕ್ಕೆ 240 ದಿನ ಕೆಲಸ ಮಾಡಿದ್ದರೆ ನೋಟಿಸ್ ಕೊಡಬೇಕು, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. 240 ದಿನ ಸಾಬೀತು ಮಾಡುವ ಹೊಣೆ ನೌಕರನದೇ. ಆದರೆ ಹಾಜರಿ ಬರೆದಿಡುವ ಮಸ್ಟರ್ ರೋಲ್ ಇರುವುದು ನಮ್ಮ ಬೀರುವಿನಲ್ಲಿ. ಅವನು ಕಟಕಟೆ ಹತ್ತಿ ಪ್ರಮಾಣ ಮಾಡಿ ಹೇಳಿದ ಮೇಲೆ ನಾವು ಮಸ್ಟರ್ ರೋಲ್ ತರದಿದ್ದರೆ ಕೋರ್ಟ್ ಸುಮ್ನೆ ಬಿಡುತ್ತದಾ? "ಹಳೇ ದಾಖಲೆ ಸಿಗುತ್ತಿಲ್ಲ ಸಾರ್" ಎಂಬ ಉತ್ತರ ಕಚೇರಿಯಲ್ಲಿ ನಡೆಯಬಹುದು, ಅಲ್ಲಿ ನಡೆಯುವುದಿಲ್ಲ.

ಕಾಯಂ ಮಾಡಿ ಎಂದು ಕೇಳಿದರೆ ಇಲಾಖೆಗಳು ತಕ್ಷಣ ಎತ್ತಿ ಹಿಡಿಯುವುದು ಉಮಾದೇವಿ ತೀರ್ಪು. 2006ರದು, ನಮ್ಮ ರಾಜ್ಯದ್ದೇ ಕೇಸು. ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಿ ಎಂದು ಕೋರ್ಟ್ ಆದೇಶಿಸುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು. ಅದೇ ತೀರ್ಪಿನ 53ನೇ ಪ್ಯಾರಾವನ್ನು ನಮ್ಮವರು ಓದುವುದೇ ಇಲ್ಲ. ಮಂಜೂರಾದ ಹುದ್ದೆಯಲ್ಲಿ, ಅರ್ಹತೆ ಇದ್ದು, ಕೋರ್ಟ್ ಆದೇಶದ ಬೆಂಬಲವಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಸಲ ಪರಿಗಣಿಸಿ ಎಂದು ಅಲ್ಲಿದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು. ವರ್ಷಗಟ್ಟಲೆ ಕಾಯಂ ಕೆಲಸ ಮಾಡಿಸಿಕೊಂಡು, ಹಕ್ಕು ಕೇಳಿದಾಗ ಮಾತ್ರ ಆ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಎಂದು. ನಾನು ಈ ಎರಡನ್ನೂ ಅಭಿಪ್ರಾಯದಲ್ಲಿ ಬರೆದೇ ಕಳಿಸುತ್ತೇನೆ. ಓದಿ ಸಿಟ್ಟಾಗುವವರು ಇದ್ದಾರೆ. ಆಗಲಿ.

ಈಗ ಅಪೀಲಿನ ವಿಷಯ. ನಾವು ಸೋತೆವು, "ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ" ಎಂದು ಆದೇಶವಾಯಿತು ಎಂದುಕೊಳ್ಳಿ. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರೆ 17ಬಿ ಕಲಂ ಬರುತ್ತದೆ. ಬೇರೆಲ್ಲೂ ಕೆಲಸ ಮಾಡುತ್ತಿಲ್ಲ ಎಂದು ನೌಕರ ಪ್ರಮಾಣಪತ್ರ ಕೊಟ್ಟರೆ, ಕೇಸು ಮುಗಿಯುವವರೆಗೆ ಅವನ ಕೊನೆಯ ವೇತನವನ್ನು ತಿಂಗಳು ತಿಂಗಳು ಕೊಡಬೇಕು. ನಿಂತ ಆಟೋದ ಮೀಟರ್ ಓಡಿದ ಹಾಗೆ, ಕೆಲಸ ಇಲ್ಲ, ಸಂಬಳ ಇದೆ. ತಿಂಗಳಿಗೆ 25,000 ರೂಪಾಯಿ ವೇತನದವನ ಕೇಸು ನಾಲ್ಕು ವರ್ಷ ಕೂತರೆ 12 ಲಕ್ಷ ಆಯಿತು. ನಾವು ಗೆದ್ದರೂ ಆ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಇಷ್ಟು ಗೊತ್ತಿದ್ದೂ ಅಪೀಲ್ ಯಾಕೆ ಹೋಗುತ್ತಾರೆ? ಅಪೀಲ್ ಹಾಕಿ ಸೋತರೆ ಯಾರಿಗೂ ನೋಟಿಸ್ ಬರುವುದಿಲ್ಲ. ಹಾಕದೇ ಬಿಟ್ಟರೆ ಆಡಿಟ್‌ನವರು "ಯಾಕೆ ಬಿಟ್ಟಿರಿ, ಯಾರು ಹೇಳಿದರು" ಎಂದು ಕೇಳುತ್ತಾರೆ. ಅಧಿಕಾರಿ ಕೆಟ್ಟವರೇನಲ್ಲ, ಅವರಿಗೂ ಪಿಂಚಣಿ ಇದೆ. ಹಾಗಾಗಿ "ಅಪೀಲಿಗೆ ಯೋಗ್ಯವಲ್ಲ" ಎಂದು ಒಂದು ಸಾಲು ಗೀಚಿದರೆ ಸಾಲದು. ಕಡತದಲ್ಲಿ ಇಂಥ ಲೋಪ, ಇಂಥ ವರ್ಷದ ತೀರ್ಪು ನಮಗೆ ವಿರುದ್ಧ, ಮುಂದುವರಿಸಿದರೆ ತಿಂಗಳಿಗೆ ಇಷ್ಟು ಖರ್ಚು, ಈಗ ರಾಜಿಯಾದರೆ ಹಿಂಬಾಕಿಯಲ್ಲಿ ಇಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಸಹಿ ಮಾಡಿ ಕೊಡಬೇಕು. ನಾಳೆ ಯಾರಾದರೂ ಕೇಳಿದರೆ ಅವರು ತೋರಿಸಲು ಒಂದು ಹಾಳೆ ಬೇಕು. ಅದನ್ನು ಚೆನ್ನಾಗಿ ಬರೆಯಲು ಕಲಿತವರ ಮಾತನ್ನು ಸಾಹೇಬರು ಕೇಳುತ್ತಾರೆ. ಎಲ್ಲ ಸಲ ಅಲ್ಲ. ಕೇಳದಿದ್ದರೆ ಅಪೀಲ್ ಹಾಕಿ ನಮ್ಮ ಕೈಲಾದಷ್ಟು ವಾದಿಸಬೇಕು, ಅದೂ ಕೆಲಸವೇ.

ಬಡವನ ವಿರುದ್ಧ ನಿಲ್ಲಬೇಕಾ ಎಂದರೆ, ಹೌದು, ಬಹಳ ಸಲ ನಿಲ್ಲಬೇಕು. ಕಾರ್ಮಿಕ ನ್ಯಾಯಾಲಯದ ಕಾಗದದಲ್ಲಿ ನೌಕರ ಮೊದಲನೇ ಪಕ್ಷಗಾರ, ನಾವು ಎರಡನೇ ಪಕ್ಷಗಾರ. ಹೊರಗೆ ಬಂದರೆ ಮಿರ್ಚಿ ಒಗ್ಗರಣಿ ಅಂಗಡಿಯಲ್ಲಿ ಒಂದೇ ಬೆಂಚು. "ಸಾಹೇಬ್ರ, ನಿಮ್ಮ ಮ್ಯಾಲೆ ನಮಗೇನೂ ಸಿಟ್ಟಿಲ್ಲ ಬಿಡ್ರಿ" ಎಂದವರಿದ್ದಾರೆ, ಮುಖ ತಿರುಗಿಸಿ ಹೋದವರೂ ಇದ್ದಾರೆ. ನನಗೆ ಸಮಾಧಾನ ಕೊಡುವುದು ಗ್ರಾಚ್ಯುಟಿ ಕೇಸುಗಳು. ನಿವೃತ್ತಿಯಾದ 30 ದಿನದಲ್ಲಿ ಕೊಡಬೇಕಾದ ಹಣ, ತಡವಾದರೆ ಬಡ್ಡಿ ಬೆಳೆಯುತ್ತದೆ, ಅಪೀಲ್ ಹೋಗಬೇಕಾದರೂ ಮೊದಲು ದುಡ್ಡು ಕಟ್ಟಬೇಕು. ಅಲ್ಲಿ "ಕೊಟ್ಟುಬಿಡಿ" ಎಂದರೆ ಬೇಗ ಒಪ್ಪುತ್ತಾರೆ.

ಮೇಲೆ ಹೇಳಿದ ಕಲಂಗಳೆಲ್ಲ 1947ರ ಕೈಗಾರಿಕಾ ವಿವಾದ ಕಾಯ್ದೆಯವು. 2025ರ ನವೆಂಬರ್ 21ರಿಂದ ಆ ಕಾಯ್ದೆ ಸೇರಿ ಹಳೇ ಕಾರ್ಮಿಕ ಕಾನೂನುಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವಜಾ ಪ್ರಶ್ನಿಸಲು ಮೊದಲಿದ್ದ ಮೂರು ವರ್ಷದ ಕಾಲಮಿತಿ ಎರಡಕ್ಕೆ ಇಳಿದಿದೆ. ಹಳೇ ಕೇಸುಗಳ ರಾಶಿ ಇನ್ನೂ ದೊಡ್ಡದಿದೆ, ಆದ್ದರಿಂದ ಎರಡನ್ನೂ ಓದಿಕೊಳ್ಳಿ.

ದುಡ್ಡಿನ ಬಗ್ಗೆ ಆಸೆ ಬೇಡ. ಪ್ಯಾನೆಲ್ ಫೀಸು ಕಡಿಮೆ, ಬಿಲ್ಲು ಪಾಸಾಗುವುದು ನಿಧಾನ. ಜೊತೆಗೆ ನಿಮ್ಮ ಖಾಸಗಿ ಕೇಸುಗಳೂ ಇರಬೇಕು. ಸಂಬಳದ ಕಾನೂನು ಅಧಿಕಾರಿ ಹುದ್ದೆ ಬೇರೆ, ಪೂರ್ಣಾವಧಿ ಸೇರಿದರೆ ಸಾಮಾನ್ಯವಾಗಿ ಸನ್ನದು, ಅಂದರೆ ವಕೀಲಿ ಪರವಾನಗಿ, ಅಮಾನತಿನಲ್ಲಿಡಬೇಕಾಗುತ್ತದೆ.

ಕನ್ನಡ ಮಾಧ್ಯಮ ಇಲ್ಲಿ ಅನುಕೂಲವೇ. ದೋಷಾರೋಪಣೆ, ಸಮಜಾಯಿಷಿ, ನಡಾವಳಿ, ಕಡತ ಬಹುತೇಕ ಕನ್ನಡದಲ್ಲಿ ಇರುತ್ತದೆ. ಧಾರವಾಡಕ್ಕೆ ಹೋದಾಗ ಇಂಗ್ಲಿಷ್ ಬೇಕು, ಅದಕ್ಕೆ ದಿನಾ ಒಂದು ತೀರ್ಪು ಓದಿ. ಸಾಕ್ಷಿಗಳು ನಡುವೆ ತೆಲುಗಿಗೋ ಉರ್ದುವಿಗೋ ಜಾರುತ್ತಾರೆ, ಬಳ್ಳಾರಿಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಸನ್ನದು ಸಿಕ್ಕ ಮೇಲೆ ಮೊದಲ ಕೆಲವು ವರ್ಷ ಕಾರ್ಮಿಕರ ಪರ ವಕೀಲರ ಆಫೀಸಿಗೆ ಸೇರಿ. ನಮ್ಮ ಕಡತದಲ್ಲಿ ತೂತು ಎಲ್ಲಿರುತ್ತದೆ ಎನ್ನುವುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಪ್ಯಾನೆಲ್‌ಗೆ ಹೇಗೂ ಅನುಭವ ಕೇಳುತ್ತಾರೆ, ಆ ಆಫೀಸಿನ ಅನುಭವವನ್ನೇ ಅರ್ಜಿಯಲ್ಲಿ ತೋರಿಸಬಹುದು.