ದಿನಕ್ಕೆ 6 ಡಿಗ್ರಿ ತಿರುಗಿತ್ತಾ ಭೂಮಿಯ ಕಾಂತಕ್ಷೇತ್ರ?

ಪ್ರಶ್ನೆ: ಭೂಮಿಯ ಕಾಂತ ಧ್ರುವಗಳು ಅದಲುಬದಲಾಗಲು ಸಾವಿರಾರು ವರ್ಷ ಬೇಕು ಅಂತ ಓದಿದ್ದೆ. ಅಮೆರಿಕದ ಒಂದು ಬೆಟ್ಟದಲ್ಲಿ ದಿನಕ್ಕೆ 6 ಡಿಗ್ರಿ ತಿರುಗಿದ ಗುರುತಿದೆ ಅಂತಲೂ ಓದಿದೆ. ಯಾವುದು ಸರಿ? ಅಷ್ಟು ಬೇಗ ತಿರುಗಲು ಕಾರಣ ಏನು?

ಉತ್ತರ: ಆ 6 ಡಿಗ್ರಿ ಮಾತನ್ನು ಬಿಟ್ಟುಬಿಡಿ. ಹೇಳಿದವರೇ ಅದನ್ನು ವಾಪಸ್ ತೆಗೆದುಕೊಂಡಿದ್ದಾರೆ. ಹಾಗಂತ ಕಾಂತಕ್ಷೇತ್ರ ಯಾವಾಗಲೂ ಆಮೆ ವೇಗದಲ್ಲೇ ತಿರುಗುತ್ತದೆ ಅಂತಲ್ಲ.

ನೀವು ಹೇಳುವ ಬೆಟ್ಟ ಒರೆಗಾನ್ ರಾಜ್ಯದ ಸ್ಟೀನ್ಸ್ ಮೌಂಟನ್. ಸುಮಾರು 1.6 ಕೋಟಿ ವರ್ಷಗಳ ಹಿಂದೆ ಅಲ್ಲಿ ಲಾವಾ ಪದರದ ಮೇಲೆ ಪದರ ಹರಿಯುತ್ತಿದ್ದ ಹೊತ್ತಿಗೇ ಧ್ರುವಗಳೂ ತಿರುಗುತ್ತಿದ್ದವು. ಲಾವಾ ಆರಿ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅದರೊಳಗಿನ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜದ ಕಣಗಳು ಆಗಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. (ನಮ್ಮ ಬೆಳಗಾವಿ, ಕಲಬುರಗಿ ಕಡೆಯ ಕಪ್ಪುಕಲ್ಲು ಇದೆಯಲ್ಲ, ಆ ಡೆಕ್ಕನ್ ಟ್ರ್ಯಾಪ್ ಲಾವಾದಲ್ಲೂ 6.6 ಕೋಟಿ ವರ್ಷ ಹಿಂದಿನ ಉಲ್ಟಾ ದಿಕ್ಕು ಹಾಗೇ ಉಳಿದಿದೆ.) ಪದರದ ಮೇಲ್ಭಾಗ, ತಳ ಬೇಗ ಆರುತ್ತವೆ, ನಡುಭಾಗ ಕೊನೆಗೆ. ಈ ಬೆಟ್ಟದ ಕಲ್ಲನ್ನು ಅಳೆದ ವಿಜ್ಞಾನಿ ರಾಬರ್ಟ್ ಕೋ ಮತ್ತು ಜೊತೆಗಾರರಿಗೆ ಒಂದೇ ಪದರದ ಅಂಚಿನಲ್ಲಿ ಒಂದು ದಿಕ್ಕು, ನಡುವೆ ಇನ್ನೊಂದು ದಿಕ್ಕು ಸಿಕ್ಕಿತು. ಹಾಗಾದರೆ ಪದರ ಆರುವ ಕೆಲವೇ ದಿನಗಳಲ್ಲಿ ಕ್ಷೇತ್ರ ತಿರುಗಿರಬೇಕು ಅಲ್ವಾ? 1995ರಲ್ಲಿ ಅವರು ಬರೆದದ್ದು ಇದನ್ನೇ, ದಿನಕ್ಕೆ 6 ಡಿಗ್ರಿ ಲೆಕ್ಕ ಬಂದದ್ದೂ ಹೀಗೆ.

ಸೌರ ಬಿರುಗಾಳಿ ಕಾರಣ ಇರಬಹುದು ಅಂತ ಕೆಲವರು ಅಂದರು. ಈ ತಿರುವು ಭೂಮಿಯ ಒಡಲಿನಿಂದಲೇ ಬಂದಿದ್ದು ಅನ್ನುವುದಕ್ಕೆ ಮಾತ್ರ ದೊಡ್ಡ ಅಡ್ಡಿ ಇತ್ತು. ಕಾಂತಕ್ಷೇತ್ರ ಹುಟ್ಟುವ ದ್ರವ ಕಬ್ಬಿಣ ಇರುವುದು 2,900 ಕಿ.ಮೀ. ಆಳದಲ್ಲಿ, ಅದರ ಮೇಲೆ ಹೊದ್ದುಕೊಂಡಿರುವ ಕಲ್ಲಿನ ದಪ್ಪ ಪದರ, ಅಂದರೆ ಮ್ಯಾಂಟಲ್, ವಿದ್ಯುತ್ತನ್ನು ಸ್ವಲ್ಪವಾದರೂ ಹರಿಯಬಿಡುವುದರಿಂದ ತೀರಾ ಚುರುಕಿನ ಏರಿಳಿತ ನಮ್ಮವರೆಗೆ ಬರುವಷ್ಟರಲ್ಲಿ ಮಂಕಾಗಿಬಿಡುತ್ತದೆ. ಕೊನೆಗೆ 2014ರಲ್ಲಿ ಕೋ ತಂಡವೇ ಕಲ್ಲನ್ನು ಬಿಸಿ ಮಾಡುತ್ತಾ, ಬಿಸಿ ಇರುವಾಗಲೇ ಅಳೆದು ನೋಡಿತು. ಮೇಲೆ ಹರಿದ ಹೊಸ ಲಾವಾ ಕೆಳಗಿನ ಪದರವನ್ನು ಮತ್ತೆ ಕಾಯಿಸಿ ಹಳೆಯ ಗುರುತನ್ನು ಕೆಡಿಸಿತ್ತು, ಅಷ್ಟೇ. ಅದನ್ನು ಒಪ್ಪಿಕೊಂಡು ತಾವೇ ಬರೆದರು ನೋಡಿ, ನನಗಂತೂ ಆ ಪ್ರಬಂಧ ಮೊದಲಿನದಕ್ಕಿಂತ ದೊಡ್ಡದು.

ಇನ್ನು ನಿಜವಾದ ವೇಗಕ್ಕೆ ಕಾರಣ. ಧ್ರುವ ತಿರುಗುವ ಕಾಲದಲ್ಲಿ ಮುಖ್ಯ ಉತ್ತರ-ದಕ್ಷಿಣ ಕ್ಷೇತ್ರ ಸೊರಗುತ್ತದೆ. ಸುಮ್ನೆ ಲೆಕ್ಕ ಹಾಕಿ: ಮುಖ್ಯ ಕ್ಷೇತ್ರ 100, ಅಡ್ಡ ಕ್ಷೇತ್ರ 5 ಇದ್ದರೆ ದಿಕ್ಸೂಚಿಯ ಮುಳ್ಳು ಓರೆಯಾಗುವುದು ಬರೀ 3 ಡಿಗ್ರಿ. ಮುಖ್ಯದ್ದೂ 5ಕ್ಕೆ ಇಳಿದರೆ ಅದೇ ಅಡ್ಡ ಕ್ಷೇತ್ರ ಮುಳ್ಳನ್ನು 45 ಡಿಗ್ರಿ ಎಳೆಯುತ್ತದೆ. ಆಗ ದ್ರವ ಕಬ್ಬಿಣದ ಮೇಲ್ಮೈಯಲ್ಲಿ ಉಲ್ಟಾ ಕಾಂತದ ತೇಪೆಯೊಂದು ಸರಿದು ಹೋದರೂ ಸಾಕು, ಮೇಲೆ ಆ ಜಾಗದಲ್ಲಿ ದಿಕ್ಕು ಗಿರ್ರನೆ ತಿರುಗುತ್ತದೆ. ಕ್ರಿಸ್ಟೋಫರ್ ಡೇವಿಸ್, ಕ್ಯಾಥರೀನ್ ಕಾನ್‌ಸ್ಟೇಬಲ್ ಅನ್ನುವ ವಿಜ್ಞಾನಿಗಳು 2020ರಲ್ಲಿ ಕಂಪ್ಯೂಟರ್ ಮಾದರಿಗಳಲ್ಲಿ ಕಂಡದ್ದು ಇದೇ. ಜಾಸ್ತಿ ಅಂದರೆ ವರ್ಷಕ್ಕೆ ಸುಮಾರು 10 ಡಿಗ್ರಿ, ಅದೂ ಸಮಭಾಜಕದ ಆಸುಪಾಸಿನಲ್ಲಿ. 39,000 ವರ್ಷಗಳ ಹಿಂದೆ ಮಧ್ಯ ಅಮೆರಿಕದ ಪಶ್ಚಿಮ ಕರಾವಳಿಯಾಚೆ ವರ್ಷಕ್ಕೆ ಸುಮಾರು 2.5 ಡಿಗ್ರಿ ತಿರುಗಿತ್ತು ಅಂತಲೂ ಅವರ ಲೆಕ್ಕ ಹೇಳುತ್ತದೆ. ಇವು ಅಲ್ಲಲ್ಲಿ, ಆಗಾಗ ಬರುವ ಜಿಗಿತಗಳು. ಧ್ರುವಗಳು ಪೂರ್ತಿ ಅದಲುಬದಲಾಗಲು ನೀವು ಮೊದಲು ಓದಿದ ಸಾವಿರಾರು ವರ್ಷವೇ ಬೇಕು.