ಗಣಿ ಕುಸಿದಾಗ ಮುಚ್ಚಿಹೋದ ದಾರಿಯನ್ನೇ ಬೇಗ ಅಗೆದು ಒಳಗಿದ್ದವರನ್ನು ಯಾಕೆ ತರುವುದಿಲ್ಲ?

ಅಗೆದಷ್ಟೂ ಮೇಲಿನದು ಮತ್ತೆ ಕುಸಿಯುತ್ತದೆ, ಅದಕ್ಕೇ. ಬಿದ್ದ ಕಲ್ಲುಗಳೇ ಎಷ್ಟೋ ಸಲ ಮೇಲಿನ ಬಿರುಕುಬಿಟ್ಟ ಬಂಡೆಗೆ ಆಸರೆಯಾಗಿರುತ್ತವೆ. ಅವನ್ನು ಎಳೆದರೆ ರಕ್ಷಿಸಲು ಹೋದವರೂ ಸಿಕ್ಕಿಬೀಳಬಹುದು.

ನಮ್ಮ ಉಡುಪಿ ಕಡೆ ಬಾವಿ ತೋಡುವವರಿಗೆ ಇದು ಚೆನ್ನಾಗಿ ಗೊತ್ತು. ಮುರಕಲ್ಲಿನ ಕೆಳಗೆ ಒದ್ದೆ ಶೇಡಿ ಮಣ್ಣು ಸಿಕ್ಕಿತೆಂದರೆ, ಬುಡದಿಂದ ಒಂದು ಬುಟ್ಟಿ ತೆಗೆಯುವಷ್ಟರಲ್ಲಿ ಬದಿಯಿಂದ ಎರಡು ಬುಟ್ಟಿ ಜಾರಿರುತ್ತದೆ.

ಹಾಗಾಗಿ ಗಟ್ಟಿ ಬಂಡೆ ಇರುವ ಬೇರೆ ಜಾಗ ನೋಡಿ, ಬೋರ್‌ವೆಲ್ ಥರ ಕಿರಿದಾದ ತೂತು ಕೊರೆಯುತ್ತಾರೆ. ಚಿಲಿಯ ಸ್ಯಾನ್ ಹೊಸೆ ಗಣಿ 2010ರ ಆಗಸ್ಟ್ 5ರಂದು ಕುಸಿದಾಗ 33 ಜನ ಸುಮಾರು 700 ಮೀಟರ್ ಆಳದಲ್ಲಿದ್ದರು. 17 ದಿನ ಒಂದು ಸುಳಿವೂ ಇರಲಿಲ್ಲ. ಆಮೇಲೆ ಮೇಲೆ ಬಂದ ಡ್ರಿಲ್ಲಿನ ತುದಿಯಲ್ಲಿ ಒಂದು ಚೀಟಿ ಕಟ್ಟಿತ್ತು: ನಾವು 33 ಜನವೂ ಕ್ಷೇಮ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಂಥ ತೂತಿನಲ್ಲೇ ಅನ್ನ, ನೀರು, ಔಷಧಿ ಇಳಿಸಿದರು. ಇನ್ನೊಂದನ್ನು ಅಗಲ ಮಾಡಿ, ಒಬ್ಬರೇ ನಿಲ್ಲುವಂಥ ಉಕ್ಕಿನ ಗೂಡಿನಲ್ಲಿ ಒಬ್ಬೊಬ್ಬರನ್ನೇ ಎತ್ತಿದರು. ಒಟ್ಟು 69 ದಿನ ಹಿಡಿಯಿತು. ನಮ್ಮ ದೇಶದ ರಾಣಿಗಂಜ್‌ನಲ್ಲಿ 1989ರಲ್ಲೇ, ನೀರು ನುಗ್ಗಿದ ಕಲ್ಲಿದ್ದಲು ಗಣಿಯಿಂದ 65 ಜನರನ್ನು ಹೀಗೇ ಎತ್ತಿದ್ದರು.