ಗಾಳಿ, ಬೆಂಕಿ, ಆಮೇಲೆ ಜಗಳ

ಪ್ರಶ್ನೆ: ಕ್ರಿಸ್ಮಸ್, ಈಸ್ಟರ್ ಬಂದರೆ ನಮ್ಮ ಸಭೆಯಲ್ಲಿ ಕೂರಲು ಜಾಗ ಇರುವುದಿಲ್ಲ. ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ದಿನವಾದ ಪೆಂತೆಕೊಸ್ತ್ ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗುವುದಿಲ್ಲ. ನನಗಂತೂ ಅನ್ಯಭಾಷೆಯ ವರ, ಅಂದರೆ ಕಲಿಯದ ಭಾಷೆಯಲ್ಲಿ ಮಾತಾಡುವ ವರ, ಸಿಕ್ಕಿಲ್ಲ. ನಮ್ಮಂಥವರಿಗೆ ಈ ದಿನದಲ್ಲಿ ಏನಿದೆ?
(ಹೆಸರು ಬೇಡ ಎಂದ ಓದುಗರು)

ಉತ್ತರ: ಕ್ರಿಸ್ಮಸ್‌ಗೆ ಗೋದಲಿ ಇದೆ, ಈಸ್ಟರ್‌ಗೆ ಬರಿದಾದ ಸಮಾಧಿ ಇದೆ. ಪೆಂತೆಕೊಸ್ತ್‌ಗೆ ಇರುವುದು ಗಾಳಿ, ಅದನ್ನು ಮಕ್ಕಳ ಕೈಲಿ ನಾಟಕ ಆಡಿಸುವುದು ಕಷ್ಟ. ಜನ ಮರೆಯಲು ಅದೂ ಒಂದು ಕಾರಣ ಇರಬಹುದು.

ನಿಮ್ಮ ಎರಡನೆಯ ಮಾತಿನಲ್ಲಿ ನೋವು ಜಾಸ್ತಿ ಇದೆ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 2ನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಗಾಳಿಯ ಸದ್ದು, ಬೆಂಕಿಯ ನಾಲಿಗೆಗಳು ಎಲ್ಲ ನಾಲ್ಕೇ ವಚನಗಳಲ್ಲಿ ಮುಗಿಯುತ್ತವೆ. ಅದನ್ನು ಬರೆದ ಲೂಕನ ಕಣ್ಣು ಕೂಡಲೇ ಹೊರಗಿನ ಜನರತ್ತ ಹೊರಳುತ್ತದೆ. ಯೆಹೂದ್ಯರ ಪಸ್ಕ ಹಬ್ಬದ ಕಾಲದಿಂದ ಎಣಿಸಿ 50ನೆಯ ದಿನಕ್ಕೆ ಬರುವ ವಾರಗಳ ಹಬ್ಬ ಅದು. ಯೆರೂಸಲೇಮಿನಲ್ಲಿ ಪಾರ್ಥ್ಯರು, ಮೇದ್ಯರು, ಐಗುಪ್ತದವರು, ರೋಮಿನವರು, ಅರಬರು ಸೇರಿದ್ದರು. ಗಲಿಲಾಯದವರಾದ ಶಿಷ್ಯರ ಬಾಯಲ್ಲಿ ತಮ್ಮ ತಮ್ಮ ಹುಟ್ಟುಭಾಷೆ ಕೇಳಿ ಅವರು ಬೆರಗಾದರು. ಕುಡಿದಿದ್ದಾರೆ ಎಂದು ಕೆಲವರು ನಕ್ಕರು. ಇನ್ನೂ ಬೆಳಿಗ್ಗೆ ಒಂಬತ್ತು ಗಂಟೆ ಕಣ್ರಪ್ಪ ಎನ್ನುವಂತೆ ಶಿಷ್ಯರಲ್ಲೊಬ್ಬನಾದ ಪೇತ್ರ ಉತ್ತರ ಕೊಟ್ಟ! ಹೊರಗೆ ನಿಂತವರಿಗೆ ತಿಳಿಯಲಿ ಎಂದೇ ಆ ದಿನದ ವರ ಬಂತು, ಮಾತಾಡಿದವರ ಹೆಮ್ಮೆಗಲ್ಲ.

ಎಲ್ಲರೂ ಅನ್ಯಭಾಷೆಗಳಲ್ಲಿ ಮಾತಾಡುತ್ತಾರೋ ಎಂದು ಅಪೊಸ್ತಲ ಪೌಲ ತನ್ನ ಪತ್ರದಲ್ಲಿ ಕೊರಿಂಥ ಪಟ್ಟಣದ ಸಭೆಯವರನ್ನು ಕೇಳುತ್ತಾನೆ. ಇಲ್ಲ ಎಂಬ ಉತ್ತರ ಆ ಪ್ರಶ್ನೆಯ ಒಳಗೇ ಇದೆ. ಅನ್ಯಭಾಷೆಯೇ ಪವಿತ್ರಾತ್ಮನ ದೀಕ್ಷಾಸ್ನಾನದ (ಆತ್ಮ ನಮ್ಮನ್ನು ತುಂಬಿದ್ದರ) ಗುರುತು ಎನ್ನುವ ಪೆಂತೆಕೊಸ್ತ್ ಸಭೆಗಳು ಹಲವಿವೆ. ಅವರ ಪ್ರಾರ್ಥನೆಯ ಬಿಸಿ ನನಗೆ ಇಷ್ಟ. ಈ ಮಾತನ್ನು ಮಾತ್ರ ಒಪ್ಪಲಾರೆ. ಆದರೂ ಒಂದು ಹೇಳಬೇಕು. ಆ ಸಭೆಗಳ ಆರಂಭಕಾಲದಲ್ಲಿ, 1906ರಲ್ಲಿ, ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಬೋಧಕ ವಿಲಿಯಂ ಸೀಮೋರ್ ನಡೆಸಿದ ಕೂಟಗಳಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಮೊಣಕಾಲೂರಿದರು. ಆಗಿನ ಅಮೆರಿಕದಲ್ಲಿ ಅದೇನು ಸಣ್ಣ ಸಂಗತಿಯೇ?

ಇನ್ನು ನಿಮ್ಮ ಸಭೆಯ ವಿಷಯ. ಸಭೆ ಹುಟ್ಟಿದ ದಿನ ಎಂದು ಕೇಕ್ ಕತ್ತರಿಸಿದರೆ ತಪ್ಪಿಲ್ಲ. ಆದರೆ ಪೇತ್ರ ಅಂದು ಪ್ರವಾದಿ ಯೋವೇಲನ ಮಾತನ್ನು ಎತ್ತಿದ: ಗಂಡುಮಕ್ಕಳು, ಹೆಣ್ಣುಮಕ್ಕಳು, ಹಿರಿಯರು, ದಾಸದಾಸಿಯರು, ಎಲ್ಲರ ಮೇಲೂ ದೇವರ ಆತ್ಮ. ನಿಮ್ಮಲ್ಲಿ ಬೈಬಲ್ ಪಾಠ ಓದುವವರು ಯಾರು, ಕಮಿಟಿಯಲ್ಲಿ ಕೂರುವವರು ಯಾರು? ಸುಮ್ನೆ ಒಮ್ಮೆ ಎಣಿಸಿ ನೋಡಿ. ಹೊಸದಾಗಿ ಬಂದವರಿಗೆ ನಿಮ್ಮ ಪ್ರಸಂಗ ಅರ್ಥವಾಗುತ್ತದೆಯೇ ಎಂದೂ ಕೇಳಿ.

2ನೇ ಅಧ್ಯಾಯಕ್ಕೆ ನಿಲ್ಲಿಸದೆ 6ರವರೆಗೂ ಓದಿ. ಒಂದೇ ದಿನ ಸುಮಾರು 3000 ಜನ ಸೇರಿದ ಅದೇ ಸಭೆಯಲ್ಲಿ ಗೊಣಗಾಟ ಶುರುವಾಯಿತು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆ ಎಂಬ ದೂರು. ಮತ್ತೆ ಭಾಷೆಯ ವಿಷಯವೇ, ಅಲ್ವಾ? ಆ ಕೆಲಸ ನೋಡಿಕೊಳ್ಳಲು ಏಳು ಮಂದಿಯನ್ನು ಆರಿಸಿ ಎಂದರು ಅಪೊಸ್ತಲರು. ಸಭೆ ಆರಿಸಿದ ಏಳು ಮಂದಿಯದೂ ಗ್ರೀಕ್ ಹೆಸರು.